ಸ್ಪಷ್ಟನೆ: ರೈಫಲ್ ತೋಟೆಯ ಕೇಸಿನ ಕತ್ತು ಮಾತ್ರ ಒತ್ತಿದರೆ ಸಾಲದು

ಅಮೆರಿಕದ ಹ್ಯಾಂಡ್‌ಲೋಡಿಂಗ್ (ಖಾಲಿ ತೋಟೆಗೆ ಕೈಯಾರೆ ಮತ್ತೆ ಮದ್ದು, ಗುಂಡು ತುಂಬುವ ಕೆಲಸ) ವಿಡಿಯೊಗಳನ್ನು ನೋಡುವವರ ನಡುವೆ ಒಂದು ಮಾತು ಹರಿದಾಡುತ್ತಿದೆ: ಹಾರಿಸಿದ ರೈಫಲ್ ಕೇಸಿನ (ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆ ಕೊಳವೆ) ಕತ್ತನ್ನಷ್ಟೇ, ಅಂದರೆ ಗುಂಡು ಕೂರುವ ಬಾಯಿಯ ಭಾಗವನ್ನಷ್ಟೇ, ಡೈನಲ್ಲಿ (ಅಳತೆಗೆ ತರುವ ಅಚ್ಚು) ಒತ್ತಿ ಕಿರಿದು ಮಾಡಿದರೆ ಗುರಿ ಹೆಚ್ಚು ನಿಖರ, ಕೇಸಿನ ಮೈಯನ್ನು ಎಂದಿಗೂ ಮುಟ್ಟಬೇಕಿಲ್ಲ ಎಂದು. ಇದು ಅರ್ಧ ಸತ್ಯ.

ಗುಂಡು ಹಾರಿದಾಗ ಕೇಸಿನ ಹಿತ್ತಾಳೆ (ತಾಮ್ರ 70, ಸತು 30 ಪಾಲು) ಉಬ್ಬಿ ಚೇಂಬರಿನ (ಬಂದೂಕಿನಲ್ಲಿ ತೋಟೆ ಕೂರುವ ಕುಳಿ) ಗೋಡೆಗೆ ಅಂಟುತ್ತದೆ, ಮತ್ತೆ ತುಸು ಹಿಂದೆ ಸರಿಯುತ್ತದೆ. ಹಾಗಾಗಿ ಅದೇ ಬೋಲ್ಟ್ ರೈಫಲಿಗೆ (ಚೇಂಬರನ್ನು ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಬಂದೂಕು) ಅದು ಮತ್ತೆ ಹೊಂದುತ್ತದೆ; ಹೊಸ ಗುಂಡನ್ನು ಹಿಡಿಯಲು ಕತ್ತು ಬಿಗಿಯಾದರೆ ಸಾಕು. ಇಷ್ಟು ನಿಜ. ಆದರೆ ಪ್ರತಿ ಸಲ ಹಾರಿಸಿದಾಗಲೂ ಕೇಸು ಇನ್ನಷ್ಟು ಹಿಗ್ಗುತ್ತದೆ. ಕೆಲವು ಸುತ್ತುಗಳ ನಂತರ ಬೋಲ್ಟಿನ ಹಿಡಿ ಕೊನೆಯ ಅರೆ ಇಂಚಿನಲ್ಲಿ ತಡೆಯುತ್ತದೆ, ಅಂಗೈ ಊರಿ ಒತ್ತಬೇಕಾಗುತ್ತದೆ. ಆಗ ಇಡೀ ಕೇಸನ್ನು ಒತ್ತುವ ಪೂರ್ಣ ಉದ್ದದ ಡೈ ಬಳಸಿ ಕೇಸಿನ ಭುಜವನ್ನು (ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು) ಇಂಚಿನ ಸಾವಿರದ ಒಂದೆರಡು ಭಾಗದಷ್ಟು ಹಿಂದೆ ತಳ್ಳಲೇಬೇಕು. ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲಿಗಂತೂ ಪ್ರತಿ ಸಲವೂ ಇದೇ ಸರಿಯಾದ ಕ್ರಮ. ಬೋಲ್ಟ್ ಪೂರ್ತಿ ಮುಚ್ಚದಿದ್ದರೆ ಅದು ಅಪಾಯ.

ನಿಖರತೆಯ ವಾದವೂ ನಿಲ್ಲುವುದಿಲ್ಲ. ಬೆಂಚ್‌ರೆಸ್ಟ್ (ಬಂದೂಕನ್ನು ಮೇಜಿನ ಮೇಲೆ ಊರಿ ಹಾರಿಸುವ ನಿಖರತೆಯ ಪಂದ್ಯ) ಸ್ಪರ್ಧಿಗಳಲ್ಲೇ ಅನೇಕರು ಈಗ ಪ್ರತಿ ಸಲ ಇಡೀ ಕೇಸನ್ನೇ ಅಳತೆಗೆ ತರುತ್ತಾರೆ. ಇನ್ನು ಕೇಸಿನ ಬಾಳಿಕೆಯ ಮಾತು: ಕೇಸಿನ ಕತ್ತು ಸೀಳುವುದು ಪದೇ ಪದೇ ಒತ್ತಿಸಿಕೊಂಡ ಹಿತ್ತಾಳೆ ಗಡುಸಾಗುವುದರಿಂದ. ಅದಕ್ಕೆ ಮದ್ದು ಕತ್ತನ್ನು ಹದವಾಗಿ ಕಾಯಿಸುವುದು, ಮೈ ಒತ್ತದಿರುವುದಲ್ಲ.

ದಯವಿಟ್ಟು ಇದನ್ನೂ ಗಮನಿಸಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಅನುಮತಿ ಸಿಕ್ಕಂತಲ್ಲ.