ಕಬ್ಬಿಣದ ಕಿಟ್ಟದ ರಸ್ತೆ: ಡಚ್ಚರಿಂದ ಏನು ಕಲಿಯೋಣ, ಏನು ಬಿಡೋಣ

ಸೂರತ್ ಹತ್ತಿರದ ಹಜೀರಾದಲ್ಲಿ 2022ರಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟದಿಂದಲೇ (ಲೋಹ ಕರಗಿಸುವಾಗ ಉಳಿಯುವ ಕಲ್ಲಿನಂಥ ಕಸ, ಇಂಗ್ಲಿಷಿನಲ್ಲಿ ಸ್ಲ್ಯಾಗ್) ಆರು ಪಥದ ರಸ್ತೆ ಮಾಡಿದರು. ಉದ್ದ ಸುಮಾರು ಒಂದು ಕಿಲೋಮೀಟರ್. ಬಳಸಿದ ಸ್ಲ್ಯಾಗ್ ಸುಮಾರು ಒಂದು ಲಕ್ಷ ಟನ್. ಕಲ್ಲಿನ ಜಲ್ಲಿ ಹಾಕಲೇ ಇಲ್ಲ. ದಪ್ಪವನ್ನು ಶೇಕಡಾ 30ರಷ್ಟು ಕಡಿಮೆ ಮಾಡಿದರೂ ದಿನಕ್ಕೆ ಸಾವಿರಕ್ಕೂ ಹೆಚ್ಚು ಭಾರದ ಲಾರಿಗಳು ಅದರ ಮೇಲೆ ಓಡಾಡುತ್ತವೆ. ಊರಿನ ಗೆಳೆಯರು ಈ ಸುದ್ದಿಯನ್ನು ನನಗೆ ಆಗಾಗ ಕಳಿಸುತ್ತಾರೆ. 'ನಿಮ್ಮ ನೆದರ್‌ಲ್ಯಾಂಡ್ಸ್‌ನಲ್ಲಿ ಇದೆಲ್ಲ ಮಾಮೂಲಿ ಅಲ್ವಾ?' ಅಂತ ಕೇಳುತ್ತಾರೆ.

ಹೌದು, ಮಾಮೂಲಿಯೇ. ಅದೇ ಈಗ ಇಲ್ಲಿನವರಿಗೆ ತಲೆನೋವಾಗಿದೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಕಾರ್ಖಾನೆಯಲ್ಲಿ ಸಿಗುವ ಕಿಟ್ಟ ಒಂದೇ ಬಗೆಯದಲ್ಲ. ಅದಿರನ್ನು ಕರಗಿಸುವ ಊದು ಕುಲುಮೆಯಿಂದ ಬರುವುದು ಒಂದು. ಅದಕ್ಕೆ ಗಿರಾಕಿ ಯಾವಾಗಲೂ ಇದ್ದಾರೆ, ಸಿಮೆಂಟಿಗೆ ಹೋಗುತ್ತದೆ, ಮರಳಿನ ಬದಲಿಗೂ ಹೋಗುತ್ತದೆ. ಬಳ್ಳಾರಿ ಹತ್ತಿರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಬರುವ ಸ್ಲ್ಯಾಗ್ ಮರಳು ಈ ಜಾತಿಯದು. ಇನ್ನೊಂದು, ಕಬ್ಬಿಣವನ್ನು ಉಕ್ಕು ಮಾಡುವಾಗ ಬರುವುದು. ಒಂದು ಟನ್ ಉಕ್ಕಿಗೆ ನೂರರಿಂದ ಇನ್ನೂರು ಕಿಲೋ ಸಿಗುತ್ತದೆ. ಕಾರ್ಖಾನೆಯ ಹಿಂದೆ ಗುಡ್ಡದಂತೆ ಬೀಳುವುದು ಇದೇ. ರಸ್ತೆಯ ಮಾತು ಬಂದಾಗ ನಾವು ಮಾತಾಡುತ್ತಿರುವುದೂ ಇದರ ಬಗ್ಗೆಯೇ.

ಇದು ಗಟ್ಟಿ ವಸ್ತು. ಗ್ರಾನೈಟ್ ಜಲ್ಲಿಗಿಂತ ಭಾರ. ಅಂಚು ಒರಟು, ಡಾಂಬರನ್ನು ಚೆನ್ನಾಗಿ ಹಿಡಿಯುತ್ತದೆ. ಲಾರಿಯ ಟೈರು ಎಷ್ಟು ಉಜ್ಜಿದರೂ ಬೇಗ ನುಣುಪಾಗುವುದಿಲ್ಲ, ಹಾಗಾಗಿ ಮಳೆಯಲ್ಲಿ ಗಾಡಿ ಜಾರುವುದು ಕಡಿಮೆ. ಯುರೋಪಿನಲ್ಲಿ ರಸ್ತೆಯ ಮೇಲ್ಪದರಕ್ಕೆ ಇದನ್ನು ಬಹಳ ಕಾಲದಿಂದ ಬಳಸುತ್ತಿರುವುದು ಸುಮ್ನೆ ಅಲ್ಲ.

ತೊಂದರೆ ಇರುವುದು ಸುಣ್ಣದಲ್ಲಿ. ಉಕ್ಕು ಮಾಡುವಾಗ ಕಲ್ಮಶ ತೆಗೆಯಲು ಕುಲುಮೆಗೆ ಸುಣ್ಣ ಸುರಿಯುತ್ತಾರೆ. ಅದರಲ್ಲಿ ಸ್ವಲ್ಪ ಹಾಗೇ ಸುಟ್ಟ ಸುಣ್ಣವಾಗಿ ಕಿಟ್ಟದೊಳಗೆ ಉಳಿದುಬಿಡುತ್ತದೆ. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಅರಳುತ್ತದೆ, ಇದು ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಸಂಗತಿ. ರಸ್ತೆಯ ಅಡಿಯಲ್ಲಿ ಅರಳಿದರೆ ಡಾಂಬರು ಉಬ್ಬಿ ಬಿರಿಯುತ್ತದೆ. ಅದಕ್ಕೇ ಕಿಟ್ಟವನ್ನು ರಾಶಿ ಹಾಕಿ, ನೀರು ಹೊಡೆದು, ತಿಂಗಳುಗಟ್ಟಲೆ ಹಣ್ಣಾಗಲು ಬಿಡಬೇಕು. ಜಪಾನಿನಲ್ಲಿ ಬಿಸಿ ಹಬೆ ಹಾಯಿಸಿ ಕೆಲವೇ ದಿನದಲ್ಲಿ ಈ ಕೆಲಸ ಮುಗಿಸುತ್ತಾರೆ. ಮೆಗ್ನೀಸಿಯಂ ಆಕ್ಸೈಡ್ ಇದ್ದರೆ ಇನ್ನೂ ನಿಧಾನ, ವರ್ಷಗಳ ನಂತರವೂ ಉಬ್ಬಬಹುದು. ಕಾದು ಪರೀಕ್ಷಿಸಿ ಕಳಿಸಿದ್ದು ಜಲ್ಲಿ. ಕಾಯದೆ ಲಾರಿಗೆ ತುಂಬಿದ್ದು ಬರೀ ಕಸ. ನೋಡುವುದಕ್ಕೆ ಎರಡೂ ಒಂದೇ ಥರ ಇರುತ್ತವೆ!

ಈಗ ಡಚ್ಚರ, ಅಂದರೆ ನೆದರ್‌ಲ್ಯಾಂಡ್ಸ್ ಜನರ, ಕತೆಗೆ ಬರೋಣ. ಈ ದೇಶ ಮೆಕ್ಕಲು ಮಣ್ಣು, ಮರಳಿನ ಮೇಲೆ ನಿಂತಿದೆ. ದಕ್ಷಿಣದ ಒಂದು ಮೂಲೆ ಬಿಟ್ಟರೆ ಒಡೆಯಲು ಕಲ್ಲುಗುಡ್ಡ ಇಲ್ಲ, ಜಲ್ಲಿ ಹೊರದೇಶದಿಂದ ಬರಬೇಕು. ಹಾಗಾಗಿ ಏಮೌಡನ್ ಉಕ್ಕಿನ ಕಾರ್ಖಾನೆಯ ಕಿಟ್ಟ ಇಲ್ಲಿನವರಿಗೆ ವರವಾಗಿ ಕಂಡಿತು. ಪ್ರಮಾಣಪತ್ರ ಇದ್ದರೆ ಅದು ತ್ಯಾಜ್ಯ ಅಲ್ಲ, ಕಟ್ಟಡ ಸಾಮಗ್ರಿ ಎಂದು ಕಾನೂನು ಒಪ್ಪಿತು. ಸಾಮಗ್ರಿ ಅಂದ ಮೇಲೆ ಎಲ್ಲಿ ಸುರಿದೆವು ಅಂತ ಸರ್ಕಾರಕ್ಕೆ ತಿಳಿಸುವ ಗೋಜೂ ಇರಲಿಲ್ಲ. ಆಮೇಲೆ ರಸ್ತೆ ದಾಟಿ ತಗ್ಗು ತುಂಬುವುದಕ್ಕೆ, ದಿಬ್ಬ ಎತ್ತರಿಸುವುದಕ್ಕೆ, ಓಣಿದಾರಿಗೆ, ಸಮುದ್ರದ ಒಡ್ಡಿನ ಬುಡಕ್ಕೂ ಹೋಯಿತು.

ಡಾಂಬರಿನ ಕೆಳಗೆ ತೆಳ್ಳಗೆ ಹಾಸಿದ ಕಿಟ್ಟಕ್ಕೆ ನೀರು ತಾಗುವುದು ಕಡಿಮೆ. ಮೀಟರ್‌ಗಟ್ಟಲೆ ದಪ್ಪಕ್ಕೆ ಬಯಲಲ್ಲಿ ಸುರಿದರೆ ಮಳೆನೀರು ಅದರೊಳಗೆ ಇಳಿದು ಸುಣ್ಣದ ನೀರಾಗಿ ಹೊರಬರುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 12ರ ಹತ್ತಿರ ಹೋಗಬಹುದು, ಚರ್ಮ ಸುಡುವಷ್ಟು ಕ್ಷಾರ. ಸ್ಪೈಕ್ ಎಂಬ ಹಳ್ಳಿಯ ಹತ್ತಿರ ಕಾಲುವೆಯ ನೀರು ಹೀಗೆ ಕೆಟ್ಟಿತು, ವರ್ಷಗಟ್ಟಲೆ ಜಗಳವಾಯಿತು. 2025ರ ಜುಲೈನಲ್ಲಿ ಸರ್ಕಾರ ತಾತ್ಕಾಲಿಕ ನಿಷೇಧ ತಂದಿತು. ಅದರ ಪ್ರಕಾರ ಅರ್ಧ ಮೀಟರ್‌ಗಿಂತ ದಪ್ಪ ಪದರ ಹಾಕುವಂತಿರಲಿಲ್ಲ, ಜನರ ಕೈಕಾಲಿಗೆ ಸಿಗುವ ಕಡೆ ಬಿಡಿಯಾಗಿ ಸುರಿಯುವಂತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಕಿಟ್ಟ ಮಣ್ಣಿನಡಿ ಇದೆ ಎಂಬ ಪೂರ್ತಿ ಪಟ್ಟಿ ಇಲ್ಲಿಲ್ಲ. ಪ್ರತಿ ಕಾಲುವೆಯ ನೀರಿನ ಮಟ್ಟವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕಾಯುವ ಜನ ಇವರು!

ನನ್ನ ವಾದ ಇಷ್ಟೇ. ರಸ್ತೆಗೆ ಕಿಟ್ಟ ಹಾಕುವುದನ್ನು ಡಚ್ಚರಿಂದ ಕಲಿಯೋಣ, ಲೆಕ್ಕ ಇಡದೆ ಹಾಕುವುದನ್ನು ಮಾತ್ರ ಕಲಿಯುವುದು ಬೇಡ. ಹಜೀರಾ ಆಯಿತು, 2024ರಲ್ಲಿ ಮುಂಬೈ–ಗೋವಾ ಹೆದ್ದಾರಿಯಲ್ಲೂ ಒಂದು ಕಿಲೋಮೀಟರ್ ಆಯಿತು, ಅರುಣಾಚಲದ ಗಡಿರಸ್ತೆಗೂ ಹೋಯಿತು. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯವರು ಮುಂದೆ ನಿಂತು ಮಾಡಿಸಿದ ಕೆಲಸಗಳು ಇವು. ಪ್ರದರ್ಶನದ ರಸ್ತೆ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ವಿಜ್ಞಾನಿಗಳು ಹೋದ ಮೇಲೆ, ಬಿಲ್ ಬೇಗ ಆಗಲಿ ಎನ್ನುವ ಗುತ್ತಿಗೆದಾರ ಬಂದಾಗ ಆ ರಾಶಿ ಹಣ್ಣಾಗಿದೆಯೋ ಇಲ್ಲವೋ ನೋಡುವವರು ಯಾರು? 'ಕಸದಿಂದ ರಸ' ಅನ್ನುವ ಘೋಷಣೆ ಕೇಳಿದಾಗೆಲ್ಲ ನನಗೆ ಹೊಳೆಯುವ ಪ್ರಶ್ನೆ ಇದು.

ಕರ್ನಾಟಕದ ಸ್ಥಿತಿ ಬೇರೆ ಎಂಬುದನ್ನೂ ಒಪ್ಪುತ್ತೇನೆ. ನಮ್ಮಲ್ಲಿ ಕಲ್ಲಿಗೆ ಬರವಿಲ್ಲ, ಊರೂರಿಗೂ ಕ್ರಷರ್ ಇದೆ. ಕಿಟ್ಟ ಭಾರ, ಹಾಗಾಗಿ ಒಂದು ಲೋಡಿನಲ್ಲಿ ರಸ್ತೆಯ ಕಮ್ಮಿ ಜಾಗ ತುಂಬುತ್ತದೆ. ತೋರಣಗಲ್ಲಿನಿಂದ ಬೆಂಗಳೂರಿಗೆ ಸಾಗಿಸಿದರೆ ಲಾರಿ ಬಾಡಿಗೆಯಲ್ಲೇ ಲಾಭ ಕರಗುತ್ತದೆ. ಕಲ್ಲುಗುಡ್ಡ ಉಳಿಸುವುದಕ್ಕೆ ಡೀಸೆಲ್ ಸುಡುವುದು ಯಾವ ಲೆಕ್ಕ? ಆದರೆ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಹತ್ತಿರವೇ ಇವೆ. ಅದಿರಿನ ಲಾರಿಗಳಿಂದ ಹಾಳಾದ ರಸ್ತೆಗಳು ಇರುವುದೂ ಅಲ್ಲೇ. ಅಲ್ಲಿ ಕಪ್ಪು ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ರಸ್ತೆಯನ್ನೂ ಜೊತೆಗೆ ಬಿರಿಸುತ್ತದೆ. ಎರೆ ಮಣ್ಣಿಗೆ ಸುಣ್ಣ ಬೆರೆಸಿ ಹದ ಮಾಡುವುದು ಎಂಜಿನಿಯರುಗಳಿಗೆ ಹಳೆಯ ಪಾಠ. ಪುಡಿ ಕಿಟ್ಟದಲ್ಲಿರುವ ಸುಣ್ಣ ಅಲ್ಲಿ ಕೆಲಸಕ್ಕೆ ಬರಬಹುದು. ಎಷ್ಟು ಬೆರೆಸಬೇಕು ಎಂಬುದನ್ನು ಆಯಾ ಮಣ್ಣಿನ ಮೇಲೆ ಪರೀಕ್ಷಿಸಿಯೇ ನಿರ್ಧರಿಸಬೇಕು, ಹೆಚ್ಚಾದರೆ ಕಿಟ್ಟವೇ ಉಬ್ಬೀತು.

ಲೋಕೋಪಯೋಗಿ ಇಲಾಖೆ ಟೆಂಡರಿನಲ್ಲಿ ಮೂರು ಸಾಲು ಸೇರಿಸಿದರೆ ಸಾಕು ಅನ್ನಿಸುತ್ತದೆ. ಪ್ರತಿ ರಾಶಿಗೂ ಎಷ್ಟು ತಿಂಗಳು ಹಣ್ಣಾಯಿತು, ಉಬ್ಬುವ ಪರೀಕ್ಷೆಯಲ್ಲಿ ಏನು ಬಂತು ಎಂಬ ಚೀಟಿ ಇರಬೇಕು. ಕೆರೆ, ಬಾವಿ, ಕಾಲುವೆಯ ಪಕ್ಕ ತಗ್ಗು ತುಂಬಲು ಬಳಸಬಾರದು. ಯಾವ ರಸ್ತೆಯ ಯಾವ ಕಿಲೋಮೀಟರಿನಲ್ಲಿ ಹಾಕಿದೆ ಎಂದು ಯಾರು ಬೇಕಾದರೂ ನೋಡುವಂಥ ನಕ್ಷೆ ಇರಬೇಕು. ಮೂರನೆಯದಕ್ಕೆ ಖರ್ಚು ಎಲ್ಲಕ್ಕಿಂತ ಕಡಿಮೆ. ಡಚ್ಚರು ಬಿಟ್ಟದ್ದೂ ಅದನ್ನೇ.