ಬಹಳ ಹೊತ್ತಿನಿಂದ ಕುಳಿತಿದ್ದೀರಿ

ಕಳೆದ ಮೇ ತಿಂಗಳಲ್ಲಿ ಶಿರಸಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಆರೋಗ್ಯ ಮೇಳದ ಸುದ್ದಿಯನ್ನು ತಾವೆಲ್ಲ ಓದಿರುತ್ತೀರಿ. ಫೋಟೋದಲ್ಲಿ ಎಡದಿಂದ ಮೂರನೆಯವನಾಗಿ, ಕಂಪನಿಯ ಟೋಪಿಯನ್ನು ತಲೆಗೆ ಹಾಕಲೂ ಆಗದೆ ಬಿಸಾಡಲೂ ಆಗದೆ ಕೈಯಲ್ಲಿ ಹಿಡಿದು ನಿಂತಿರುವ ಬೆಳೆಗಾರ ನಾನೇ. ನಮ್ಮ ಅಡಿಕೆ ಕೊಳ್ಳುವ ದೂರದೂರಿನ ಕಂಪನಿಯೊಂದಕ್ಕೆ ತನ್ನ ಪೂರೈಕೆ ಸರಪಳಿಯಲ್ಲಿ ಮನುಷ್ಯರೂ ಇದ್ದಾರೆಂಬುದು ಹೇಗೋ ತಿಳಿದುಬಂದು, ಅವರ ಆರೋಗ್ಯದ ಚಿಂತೆ ಹತ್ತಿಕೊಂಡಿತ್ತು. ಅದರ ಹೆಸರು ಇಲ್ಲಿ ಬೇಡ. ಬಿ.ಪಿ. ನೋಡಿದರು, ತೂಕ ನೋಡಿದರು, ಕೊನೆಗೆ ಎಲ್ಲರ ಕೈಗೂ ಹೆಜ್ಜೆ ಎಣಿಸುವ ಒಂದೊಂದು ಗಡಿಯಾರ ಕಟ್ಟಿ, ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂದು ಅಪ್ಪಣೆ ಕೊಡಿಸಿದರು.

ಅಡಿಕೆ ಮರ ಹತ್ತಿ ಕೆಲಸ ಮಾಡುವ ನಮ್ಮ ಕೊನೆಗೌಡ ಆ ಗಡಿಯಾರವನ್ನು ಕಟ್ಟಿಕೊಂಡೇ ಮದ್ದು ಹೊಡೆಯಲು ಬಂದ. ಮೃಗಶಿರಾ ಮಳೆ ಒಂದು ದಿನ ಹೊಳವು ಕೊಟ್ಟಿತ್ತು. ಅಡಿಕೆಗೆ ಬರುವ ಕೊಳೆರೋಗ ಆ ಹೊಳವಿಗೆ ಕಾಯುವುದಿಲ್ಲವಾದ್ದರಿಂದ ಬೆಳಗ್ಗೆಯೇ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿ ಬೋರ್ಡೋ ದ್ರಾವಣ ಮಾಡಿಟ್ಟಿದ್ದೆವು. ಕಾಲಿಗೆ ತಳೆ ಸಿಕ್ಕಿಸಿ ಪಾಚಿಗಟ್ಟಿದ ಮರವನ್ನು ಏರಿದವನು, ತುದಿಯಲ್ಲಿ ಪುಟ್ಟ ಮಣೆಯ ಮೇಲೆ ಕುಳಿತು ಸುತ್ತಲಿನ ಮರಗಳ ಕೊನೆಗಳಿಗೆಲ್ಲ ಮದ್ದು ಹಾರಿಸುತ್ತಾನೆ. ಅದು ಮುಗಿದರೆ ಮರವನ್ನೇ ಬಗ್ಗಿಸಿಕೊಂಡು ಪಕ್ಕದ ಮರಕ್ಕೆ ದಾಟುತ್ತಾನೆ. ನೆಲ ಮುಟ್ಟುವುದು ಊಟಕ್ಕೆ ಮಾತ್ರ. ಹಾರಿಸಿದ ಮದ್ದಿನಲ್ಲಿ ಕಾಲು ಪಾಲು ಅವನ ಮೈಮೇಲೆಯೇ ಇಳಿಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನವರೆಗೂ ನೀಲಿಯಾಗಿರುತ್ತಾನೆ. ಅಂದು ಹನ್ನೆರಡು ಗಂಟೆಗೆ ಗಡಿಯಾರದಲ್ಲಿದ್ದದ್ದು 412 ಹೆಜ್ಜೆ. ಅದರ ಕೆಳಗೊಂದು ಬುದ್ಧಿಮಾತು: "ನೀವು ಬಹಳ ಹೊತ್ತಿನಿಂದ ಕುಳಿತಿದ್ದೀರಿ, ಸ್ವಲ್ಪ ಎದ್ದು ಓಡಾಡಿ."

"ಹೆಗಡೇರೇ, ಇಲ್ಲೇ ಓಡಾಡ್ಲಾ, ಕೆಳಗೆ ಬರ್ಲಾ?" ಎಂದು ಆತ ಮೇಲಿನಿಂದಲೇ ಕೂಗಿ ಕೇಳಿದ.

ಕಂಪನಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಕಾನೂನಿಗೆ ತಲೆಬಾಗಿ ನಡೆಯುವ ಸಂಸ್ಥೆ, ಮತ್ತು ನಮ್ಮ ಕಾನೂನಿಗೆ ಶೇಕಡಾ 2 ಎಂಬ ಅಂಕಿಯ ಮೇಲೆ ವಿಶೇಷ ಮಮತೆ. 2013ರ ಕಂಪನಿ ಕಾಯ್ದೆ, ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆನ್ನುತ್ತದೆ. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ಸಡಿಲಗೊಂಡ ನಿಯಮವಾದರೋ, ಕಂಪನಿಯ ಖರೀದಿಯಲ್ಲಿ ಒಬ್ಬನದೇ ಪಾಲು ಶೇ. 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅವನು ಸರಪಳಿಯ ಪಾಲುದಾರನೆಂದು ಲೆಕ್ಕ ಹಿಡಿಯುತ್ತದೆ. ಆ ಲೆಕ್ಕವನ್ನು ಒಪ್ಪಿಸಬೇಕಾದವರೂ ಷೇರುಪೇಟೆಯ ಮೊದಲ 250 ಕಂಪನಿಗಳು ಮಾತ್ರ, ಅದೂ ಮನಸ್ಸಿದ್ದರೆ. ಎರಡೆಕರೆ ತೋಟದ ನಾನು ಎರಡು ಜನ್ಮ ಅಡಿಕೆ ಬೆಳೆದರೂ ಆ ಶೇ. 2ನ್ನು ಮುಟ್ಟಲಾರೆ. ನನ್ನ ತೋಟಕ್ಕೆ ವರ್ಷದಲ್ಲಿ ಎಂಟು ಹತ್ತು ದಿನ ಬಂದುಹೋಗುವ ಕೊನೆಗೌಡ ಯಾವ ದಶಾಂಶದಲ್ಲಿ ಬರುತ್ತಾನೋ ಲೆಕ್ಕಪರಿಶೋಧಕರೇ ಹೇಳಬೇಕು.

ಮೇಳದಲ್ಲಿ ಪ್ರಶ್ನಾವಳಿಯನ್ನೂ ಕೊಟ್ಟಿದ್ದರು. ತಮ್ಮ ಕುರ್ಚಿಯ ಎತ್ತರವನ್ನು ಹೊಂದಿಸಿಕೊಳ್ಳಲು ಸಾಧ್ಯವೇ ಎಂಬುದು ಅದರ ಏಳನೆಯ ಪ್ರಶ್ನೆ. ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬಳು ಇದನ್ನು ಎರಡೆರಡು ಸಲ ಓದಿಸಿಕೊಂಡು ಕೇಳಿದಳು. ಅವಳು ಮೆಟ್ಟುಗತ್ತಿಯ ಹಲಗೆಯನ್ನು ಕಾಲಡಿ ಒತ್ತಿಕೊಂಡು, ಬೆನ್ನು ಬಗ್ಗಿಸಿ, ಸಂಜೆಯಿಂದ ನಡುರಾತ್ರಿಯವರೆಗೆ ಸುಲಿಯುತ್ತಾಳೆ. ಸುಲಿದಷ್ಟಕ್ಕೇ ಕೂಲಿ. ಹಸಿ ಅಡಿಕೆಯ ಕಲೆ ಹತ್ತಿ ಕಪ್ಪಾದ ಬೆರಳುಗಳು ಸುಗ್ಗಿ ಮುಗಿದ ಮೇಲೂ ತಿಂಗಳುಗಟ್ಟಲೆ ಹಾಗೆಯೇ ಇರುತ್ತವೆ. ಮಂಗನಕಾಯಿಲೆಯ ಬಗ್ಗೆ ಏನಾದರೂ ಕೇಳಿದ್ದಾರೆಯೇ ಎಂದು ನಾನು ಹಾಳೆಯನ್ನು ತಿರುವಿ ನೋಡಿದೆ. ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಒಣಗಿದ ಎಲೆ, ಗುಡಿಸಲು ಹೋದವರಿಗೆ ಉಣುಗು ಕಚ್ಚಿ ಈ ಜ್ವರ ಬರುವುದು ಪಕ್ಕದ ಸಿದ್ದಾಪುರದ ಕಡೆ ಹೊಸ ಸಂಗತಿಯೇನಲ್ಲ. ಪ್ರಶ್ನಾವಳಿಯಲ್ಲಿ ಅದಿರಲಿಲ್ಲ. ಲಿಫ್ಟ್ ಬದಲು ಮೆಟ್ಟಿಲು ಬಳಸುತ್ತೀರಾ ಎಂಬುದಿತ್ತು.

ಸರಪಳಿಗೆ ಇನ್ನೊಂದು ತುದಿಯೂ ಇದೆ, ಅದನ್ನು ಹೇಳಲು ಅಡಿಕೆ ಬೆಳೆಗಾರನಾದ ನನಗೆ ನಾಲಿಗೆ ತುಸು ತೊಡರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮರದ ತುದಿಯಲ್ಲಿರುವವನು ಸರಪಳಿಗೆ ಸೇರಿದವನಲ್ಲ, ಅಡಿಕೆಯ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುವವನೂ ಅಲ್ಲ. ಆರೋಗ್ಯವೆಲ್ಲ ಇವರಿಬ್ಬರ ನಡುವೆ, ಕಲ್ಯಾಣ ಮಂಟಪದಲ್ಲಿಯೇ ಉಳಿಯಿತು.

ನಗುವುದು ಸಾಕೆನಿಸುತ್ತದೆ. ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದಾದ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಗಳ, ಬಂದು ವರ್ಷಗಳಾದವು, ಸಣ್ಣ ಹಿಡುವಳಿದಾರನಿಗೆ ಅದರ ಬೆಲೆ ಎಟುಕುವುದಿಲ್ಲ. ಆ ಮೇಳದ ಶಾಮಿಯಾನ, ಊಟ, ಗಡಿಯಾರಗಳ ದುಡ್ಡಿನಲ್ಲಿ ಊರಿಗೆ ನಾಲ್ಕು ದೋಟಿ ಬರುತ್ತಿದ್ದವು. ಮರ ಹತ್ತುವವರ ವಿಮೆಯ ಕಂತನ್ನು ಕಂಪನಿಯೇ ಕಟ್ಟಬಹುದಿತ್ತು, ಅಥವಾ ಅಡಿಕೆಯ ದರದಲ್ಲಿಯೇ ಅದನ್ನು ಸೇರಿಸಿ ಕೊಡಬಹುದಿತ್ತು. ಮರದಿಂದ ಬಿದ್ದು ಬೆನ್ನುಹುರಿ ಮುರಿದವನನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಿಸಿಕೊಂಡು ಹೋಗುವ ಜಿಲ್ಲೆ ನಮ್ಮ ಉತ್ತರ ಕನ್ನಡ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಸತ್ತಾಗ, ಆಸ್ಪತ್ರೆ ಕೊಡಿ ಎಂದು ಜಿಲ್ಲೆಗೆ ಜಿಲ್ಲೆಯೇ ಬೊಬ್ಬೆ ಹೊಡೆದದ್ದು ಯಾರಿಗೆ ನೆನಪಿಲ್ಲ? ಇಂತಹ ಊರಿಗೆ ಬಂದು ಹೆಜ್ಜೆ ಎಣಿಸಿ ಹೋಗುತ್ತಾರೆ.

ಪ್ರಶ್ನಾವಳಿಯ ಕೊನೆಯ ಪ್ರಶ್ನೆ, ಗಂಭೀರ ಗಾಯಕ್ಕೆ ಚಿಕಿತ್ಸೆ ಸಿಗುವ ಆಸ್ಪತ್ರೆ ಎಷ್ಟು ದೂರವಿದೆ ಎಂಬುದಾಗಿತ್ತು. ಒಂದು ಕಿಲೋಮೀಟರಿನೊಳಗೆ, ಎರಡರೊಳಗೆ, ಐದರೊಳಗೆ, ಐದಕ್ಕಿಂತ ಹೆಚ್ಚು ಎಂದು ನಾಲ್ಕು ಚೌಕಗಳಿದ್ದವು. ಹುಬ್ಬಳ್ಳಿ ಇಲ್ಲಿಂದ ಸುಮಾರು ನೂರು ಕಿಲೋಮೀಟರ್, ಎಲ್ಲಿ ಗುರುತು ಹಾಕಲಿ ಎಂದು ಮೇಜಿನ ಹಿಂದಿದ್ದ ಹುಡುಗನನ್ನು ಕೇಳಿದೆ. ಬಹಳ ವಿನಯವಂತ. ಕೊನೆಯ ಚೌಕದ ಮೇಲೆ ಬೆರಳಿಟ್ಟು, "ನೂರು ಅಂದ್ರೂ ಐದಕ್ಕಿಂತ ಹೆಚ್ಚೇ ಅಲ್ವಾ ಸರ್" ಎಂದ.