ನೆಲದಲ್ಲಿ ಹೂತಿಟ್ಟ ಗುಡಾಣದ ಬಗ್ಗೆ ಇನ್ನಷ್ಟು ಬರೆಯಿರಿ

ವೈನ್ ಮೇಳಕ್ಕೆ ಈ ಸಲ ಅತಿಥಿಯಾಗಿ ಬಂದ ಜಾರ್ಜಿಯಾ ದೇಶದ ವೈನರಿಗಳ ಬಗ್ಗೆ ನಿಮ್ಮ ಲೇಖನ ಓದಿ ತುಂಬಾ ಖುಷಿಯಾಯಿತು. ಬೇಜಾರು ಒಂದೇ. ಕ್ವೆವ್ರಿಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲಿನ ವೈನಿನ ಜೀವಾಳವೇ ಅದು, ಅಲ್ವಾ?

ಕ್ವೆವ್ರಿ ಅಂದರೆ ಬಾಯಿ ಮಟ್ಟಕ್ಕೆ ನೆಲದಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಗುಡಾಣ. ನನಗಂತೂ ನಮ್ಮೂರಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವು ನೆನಪಾಗುತ್ತದೆ. ಒಳಗೋಡೆಗೆ ಜೇನುಮೇಣ ಸವರಿರುತ್ತಾರೆ. ಜಾರ್ಜಿಯಾದ ಕಾಖೇತಿ ಪ್ರಾಂತ್ಯದ ಕಡೆ ದ್ರಾಕ್ಷಿ ರಸದ ಜೊತೆ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಹಾಕಿ ಐದಾರು ತಿಂಗಳು ಬಿಡುತ್ತಾರೆ. ಸುತ್ತಲ ಮಣ್ಣು ತಂಪು ಕಾಯುತ್ತದೆ. ರ್ಕಾತ್ಸಿತೆಲಿ ಎಂಬ ಅಲ್ಲಿನ ತಳಿ ಬಿಳಿ ದ್ರಾಕ್ಷಿಯೇ ಆದರೂ ಹೀಗೆ ಸಿಪ್ಪೆ ಜೊತೆ ಇಟ್ಟಾಗ ಅದರ ವೈನ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಾಲಿಲ್ಲದ ಚಹಾದಂತೆ ಸ್ವಲ್ಪ ಒಗರು. ಯುನೆಸ್ಕೊ 2013ರಲ್ಲಿ ಈ ಪದ್ಧತಿಯನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಜಾರ್ಜಿಯಾದಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಳೆಯ ವೈನಿನ ಗುರುತು ಇದೆ ಎಂದು 2017ರಲ್ಲಿ ಗೊತ್ತಾಯಿತು.

ಇನ್ನೊಂದು ವಿಷಯ. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನನ್ನು ನಿಷೇಧಿಸಿತು. ಅದೇ ಅವರ ದೊಡ್ಡ ಮಾರುಕಟ್ಟೆ ಆಗಿತ್ತು. 2013ರವರೆಗೆ ಬಾಗಿಲು ಮುಚ್ಚಿತ್ತು. ಆ ಕಷ್ಟದಲ್ಲೇ ಅವರು ಬೇರೆ ದೇಶಗಳತ್ತ ನೋಡಿದರು, ಗುಣಮಟ್ಟಕ್ಕೆ ಜಾಸ್ತಿ ಗಮನ ಕೊಟ್ಟರು. ಮೇಳಗಳಲ್ಲಿ ಅತಿಥಿಯಾಗುವುದು ಅವರಿಗೆ ಸುಮ್ನೆ ಗೌರವ ಅಲ್ಲ, ಹೊಟ್ಟೆಪಾಡು.

ಮೇಳ ನಡೆಸುವವರಿಗೆ ಒಂದು ವಿನಂತಿ: ಈ ವೈನನ್ನು ತೀರಾ ತಣ್ಣಗೆ ಮಾಡಿ ಕೊಡಬೇಡಿ. ಪರಿಮಳವೇ ಅಡಗಿಹೋಗುತ್ತದೆ. ಜೊತೆಗೆ ನಾಲ್ಕು ಅಕ್ರೋಟು, ಒಂದು ತುಂಡು ಚೀಸ್ ಇಡಿ.